1947ರ ಎಂ.ಜಿ. ಟಿ.ಸಿ.: ಬಾಡಿಯೊಳಗಿನ ಮರ ಕುಟ್ಟೆ ಹಿಡಿದಿದೆ, ಯಾವ ಮರ ಹಾಕಲಿ?

ತೋಟದಮನೆ, ಮೂಡಿಗೆರೆ

ತಾತ ಕೊಂಡ ಇಂಗ್ಲೆಂಡಿನ ಕಾರು, ಇದರ ತಗಡಿನ ಬಾಡಿಯನ್ನು ಹಿಡಿದಿರೋದು ಒಳಗಿನ ಮರದ ಚೌಕಟ್ಟು. ಮೂವತ್ತು ವರ್ಷದಿಂದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲ್ ಹೊದ್ದು ನಿಂತಿದೆ. ಎಂಜಿನ್ ತಿರುಗುತ್ತೆ, ಅದರ ಚಿಂತೆ ಇಲ್ಲ. ಹೋದ ವಾರ ಎಡಗಡೆ ಬಾಗಿಲು ತೆಗೆದ ಕೂಡಲೇ ಅದು ಎರಡು ಬೆರಳಷ್ಟು ಕೆಳಗೆ ಜೋತುಬಿತ್ತು. ಬಾಗಿಲ ಹಿಂದಿನ ಮರದ ಕಂಬದ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿ ನೋಡಿದೆ. ಹಿಡಿಯವರೆಗೂ ಇಳಿಯಿತು, ಕಾಫಿಪುಡಿ ಥರ ಪುಡಿ ಉದುರಿತು. ಮೇಲಿನ ತಗಡು ಮಾತ್ರ ಗಟ್ಟಿಯಾಗಿದೆ.

ಗ್ಯಾರೇಜಿನವರೊಬ್ಬರು ಮರವನ್ನೆಲ್ಲ ಕಿತ್ತು ಕಬ್ಬಿಣದ ಪೈಪ್ ವೆಲ್ಡ್ ಮಾಡಿಕೊಡ್ತೀವಿ ಅಂದರು. ನನಗೆ ಮನಸ್ಸಿಲ್ಲ. ಕಂಪನಿಯವರು ಹಾಕಿದ್ದು ಆಶ್ ಮರ, ಅದನ್ನು ಇಲ್ಲಿ ಎಲ್ಲಿಂದ ತರಲಿ? ತೋಟದಲ್ಲಿ ಸಿಲ್ವರ್ ಓಕ್ ಬೇಕಾದಷ್ಟಿದೆ. ಹಳೇ ಮನೆ ಬಿಚ್ಚಿದಾಗ ಎತ್ತಿಟ್ಟ ಹೊನ್ನೆ, ತೇಗದ ತೊಲೆಗಳೂ ಇವೆ. ಯಾವುದು ಹಾಕಲಿ, ಎಲ್ಲಿಂದ ಶುರು ಮಾಡಲಿ?

ಉಳಿ-ಬಾಚಿ, ಹಾಸನ

ನಾನು ಮರಗೆಲಸದವನು, ಕಾರಿನ ವಿಷಯ ಹೆಚ್ಚು ಗೊತ್ತಿಲ್ಲ. ಮರದ ಬಗ್ಗೆ ಹೇಳ್ತೀನಿ. ಸಿಲ್ವರ್ ಓಕ್ ಬೇಡವೇ ಬೇಡ. ಪ್ಲೈವುಡ್ಡಿಗೆ, ಪೆಟ್ಟಿಗೆಗೆ ಸರಿ. ಬೇಗ ಹುಳ ಹಿಡಿಯುತ್ತೆ, ಅಲುಗಾಟದಲ್ಲಿ ಸ್ಕ್ರೂ ಸಡಿಲವಾಗುತ್ತೆ. ಹೊನ್ನೆ ಗಟ್ಟಿ, ಆದರೆ ಹೊನ್ನೆ ಲೋಟದ ನೀರು ಬಣ್ಣ ತಿರುಗೋದು ನೀವು ನೋಡಿರ್ತೀರಿ. ಮಳೆಯಲ್ಲಿ ತೋಯ್ದರೆ ಸೀಟಿನ ಬಟ್ಟೆಗೆ ಕಲೆ ಗ್ಯಾರಂಟಿ. ತೇಗದ ತೊಲೆಯನ್ನೇ ಸೀಳಿಸಿ, ಬಿಳಿ ಭಾಗ ಬಿಟ್ಟು ತಿರುಳು ಮಾತ್ರ ತಗೊಳ್ಳಿ. ಸೀಳಿಸುವ ಮೊದಲು ಹಳೇ ಮೊಳೆಗಳನ್ನು ಹುಡುಕಿ ಕೀಳಿಸಿ, ಇಲ್ಲದಿದ್ದರೆ ಮಿಲ್ಲಿನವರು ಮುಟ್ಟೋದಿಲ್ಲ. ತೇಗದಲ್ಲಿ ಎಣ್ಣೆ ಇರುತ್ತೆ. ಅಂಟು ಹಾಕುವ ಮುಖವನ್ನು ಅಸಿಟೋನ್ ಬಟ್ಟೆಯಿಂದ ಒರೆಸಿ, ಅದು ಆರಿದ ತಕ್ಷಣ ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚುವ ಅಂಟು) ಹಚ್ಚಬೇಕು. ಮರುದಿನ ಹಚ್ಚಿದರೆ ಹಿಡಿಯೋದಿಲ್ಲ.

ಹಳೇಗಾಡಿ, ಚಿಕ್ಕಮಗಳೂರು

ಇದೇ ಕೆಲಸ ನನ್ನ ಟಿ.ಸಿ.ಗೆ ಮಾಡಿ ಮುಗಿಸಿದ್ದೀನಿ. ಎರಡು ವರ್ಷ ಹಿಡಿಯಿತು. ಅದರಲ್ಲಿ ಆರು ತಿಂಗಳು ನನ್ನ ಒಂದೇ ತಪ್ಪಿಗೆ ಹೋಯಿತು, ಅದಕ್ಕೇ ವಿವರವಾಗಿ ಬರೀತಿದ್ದೀನಿ.

ನಾನು ಎರಡೂ ಕಡೆಯ ಕೊಳೆತ ಮರವನ್ನು ಒಂದೇ ದಿನ ಕಿತ್ತೆ. ತಗಡಿಗೆ ತನ್ನದೇ ಆದ ಆಕಾರ ಇಲ್ಲ, ಅದು ಮರದ ಮೇಲೆ ಹೊದಿಸಿ ಅಂಚು ಮಡಿಸಿ ಮೊಳೆ ಹೊಡೆದ ಅಂಗಿ. ಸಂಜೆಯ ಹೊತ್ತಿಗೆ ಇಡೀ ಬಾಡಿ ಒಂದು ಮಗ್ಗುಲಿಗೆ ವಾಲಿತ್ತು. ಹೊಸ ಮರ ಕೂರಿಸಿದ ಮೇಲೆ ಬಲಬಾಗಿಲು ಮುಚ್ಚಲೇ ಇಲ್ಲ. ಎಲ್ಲಾ ಬಿಚ್ಚಿ ಮತ್ತೆ ಮಾಡಿದೆ.

ನೀವು ಹಾಗೆ ಮಾಡಬೇಡಿ. ಬಾಡಿ ಚಾಸಿಸ್ (ಅಡಿಯ ಕಬ್ಬಿಣದ ಚೌಕಟ್ಟು) ಮೇಲೆ ಇರುವಾಗಲೇ ಬಾಗಿಲ ಬಾಯಿಗೆ ಅಡ್ಡಡ್ಡವಾಗಿ ಕಬ್ಬಿಣದ ಆಂಗಲ್ ಪಟ್ಟಿ ಬಿಗಿಯಿರಿ, ಎಡದಿಂದ ಬಲಕ್ಕೂ ಎರಡು. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಅಳತೆ ಬರೆದಿಡಿ. ಒಂದು ಕಡೆ ಮುಗಿದು ಬಾಗಿಲು ಸರಿಯಾಗಿ ಮುಚ್ಚಿದ ಮೇಲೇ ಇನ್ನೊಂದು ಕಡೆ ಮುಟ್ಟಿ. ಟಿ.ಸಿ. ಬಾಗಿಲಿನ ಕೀಲು ಹಿಂದೆ ಇರೋದು, ಹಾಗಾಗಿ ಬಾಗಿಲ ಭಾರವೆಲ್ಲ ಹಿಂದಿನ ಕಂಬದ ಮೇಲೆ. ಆ ಕಂಬ ಕೆಳಗಿನ ಉದ್ದ ತೊಲೆಗೆ ಕೂರುವ ಕಚ್ಚು ಸ್ವಲ್ಪ ಸಡಿಲ ಇದ್ದರೂ ಬಾಗಿಲು ಜೋಲುತ್ತೆ. ಅಲ್ಲಿ ತುಂಡು ಸೇರಿಸಬೇಡಿ, ಇಡೀ ಕಂಬ ಹೊಸದು ಹಾಕಿ.

ಕೊಳೆತ ಮರದ ಒಂದು ಚೂರನ್ನೂ ಎಸೆಯಬೇಡಿ. ಅದೇ ನಿಮ್ಮ ನಕ್ಷೆ. ಪುಡಿಯಾಗುವ ತುಂಡಿಗೆ ತೆಳು ಎಪಾಕ್ಸಿ ಕುಡಿಸಿ ಗಟ್ಟಿ ಮಾಡಿ, ಪ್ಲೈವುಡ್ ಮೇಲಿಟ್ಟು ಗೆರೆ ಎಳೆಯಿರಿ, ಸ್ಕ್ರೂ ತೂತುಗಳನ್ನೂ ಗುರುತು ಮಾಡಿ. ನನ್ನ ಕಂಬದ ಒಳಮುಖದಲ್ಲಿ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿದ್ದ ಎಂ.ಜಿ. ಕಾರ್ಖಾನೆಯ ಯಾರೋ ಕೆಲಸಗಾರ ಪೆನ್ಸಿಲ್ಲಿನಲ್ಲಿ ಎಳೆದ ಗೆರೆ ಇನ್ನೂ ಇತ್ತು. ಗರಗಸ ಆ ಗೆರೆಯ ಹೊರಗಡೆಯೇ ಹೋಗಿತ್ತು. ಆ ತುಂಡನ್ನು ಮನೆಯಲ್ಲಿಟ್ಟುಕೊಂಡಿದ್ದೀನಿ.

ಹಿಂಭಾಗದ ಬಾಗಿದ ತುಂಡುಗಳನ್ನು ಒಂದೇ ಹಲಗೆಯಲ್ಲಿ ಕೊರೆದರೆ ನಾರು ಅಡ್ಡ ಬಂದ ಕಡೆ ಮುರಿಯುತ್ತೆ. ನಾನು 3 ಮಿ.ಮೀ. ಪಟ್ಟಿಗಳನ್ನು ಅಚ್ಚಿನ ಮೇಲೆ ಬಗ್ಗಿಸಿ ಅಂಟಿಸಿದೆ. ತಗಡಿನ ಮಡಿಕೆಯನ್ನು ಒಂದೇ ಸಲ, ನಿಧಾನಕ್ಕೆ ಬಿಡಿಸಿ. ಮತ್ತೆ ಮತ್ತೆ ಬಗ್ಗಿಸಿದರೆ ಸೀಳುತ್ತೆ.

ಪೈಪಿನ ಮಾತು ಬಿಡಿ. ಈ ಚಾಸಿಸ್ ರಸ್ತೆಯಲ್ಲಿ ತಿರುಚಿಕೊಳ್ಳುತ್ತೆ, ಮರ ಅದರ ಜೊತೆ ಬಳುಕುತ್ತೆ. ಚಾರ್ಮಾಡಿ ಘಾಟಿಯಲ್ಲಿ ನಾಲ್ಕು ಸಲ ಓಡಾಡಿದರೆ ಬಿಗಿ ಪೈಪಿನ ಪಕ್ಕದ ತಗಡು ಬಿರುಕು ಬಿಡುತ್ತೆ.

ಇನ್ನೊಂದು: ಸೀಳಿಸಿದ ಮರವನ್ನು ಒಂದು ಮಳೆಗಾಲ ನಿಮ್ಮ ಶೆಡ್ಡಿನಲ್ಲೇ ಇಡಿ. ಮೂಡಿಗೆರೆ ತೇವಕ್ಕೆ ಉಬ್ಬುವುದೆಲ್ಲ ಉಬ್ಬಿ ಇಳಿಯಲಿ. ಕೊಯ್ದ ತುದಿಗಳೇ ನೀರು ಕುಡಿಯೋದು, ಜೋಡಿಸುವ ಮೊದಲೇ ಅಲ್ಲಿಗೆ ಎರಡು ಕೋಟ್ ಎಪಾಕ್ಸಿ ಹಚ್ಚಿ.

ತೋಟದಮನೆ, ಮೂಡಿಗೆರೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ತೇಗದ ಒಂದು ತೊಲೆಯಲ್ಲೇ ಹದಿನೇಳು ಮೊಳೆ ಸಿಕ್ಕವು. ಇವತ್ತು ಆಂಗಲ್ ಕಟ್ಟುವ ಮೊದಲು ಟೇಪ್ ಹಿಡಿದೆ: ಎರಡು ಕರ್ಣಗಳ ನಡುವೆ 11 ಮಿ.ಮೀ. ವ್ಯತ್ಯಾಸ. ಈ ಸೊಟ್ಟ ಇರುವ ಹಾಗೆಯೇ ಬಿಗಿಯಲೇ?

ಹಳೇಗಾಡಿ, ಚಿಕ್ಕಮಗಳೂರು

ಬೇಡ. ಬಾಡಿಗೂ ಚಾಸಿಸ್‌ಗೂ ನಡುವೆ ಇಟ್ಟ ಪ್ಯಾಕಿಂಗ್ ತುಂಡು ನೋಡಿ, ಎಡಗಡೆಯದು ಕೊಳೆತು ಕೂತಿರಬೇಕು. ಕಂಬದ ಹತ್ತಿರ ಜಾಕಿಯಲ್ಲಿ ಕೂದಲೆಳೆಯಷ್ಟೇ ಎತ್ತುತ್ತಾ ಟೇಪ್ ನೋಡಿ. ಎರಡೂ ಸಮ ಬಂದಾಗ ಆಂಗಲ್ ಬಿಗಿಯಿರಿ.