ಸ್ಟೆಂಟ್ ಹಾಕಿಸಿದವರು ಮಂಡಿನೋವಿಗೆ ಯಾವ ಮಾತ್ರೆ ನುಂಗಬಹುದು?

ಮಂಡ್ಯ ಹೈದ: ವಯಸ್ಸು 62, ಸ್ಟೆಂಟ್ ಹಾಕಿ 8 ತಿಂಗಳು. ರಕ್ತ ಹೆಪ್ಪುಗಟ್ಟದಿರೋಕೆ ಎಕೋಸ್ಪ್ರಿನ್ 75 (ಆಸ್ಪಿರಿನ್), ಕ್ಲೋಪಿಡೋಗ್ರೆಲ್ 75, ಬಿಪಿಗೆ ಟೆಲ್ಮಿಸಾರ್ಟನ್ 40 ನಡೀತಿದೆ. ಕಬ್ಬು ಕಟಾವಿನ ಸಮಯ, ಮಂಡಿನೋವು ಜೋರು. ಮೆಡಿಕಲ್‌ನಲ್ಲಿ ಅಸೆಕ್ಲೋಫೆನಾಕ್-ಪ್ಯಾರಸಿಟಮಾಲ್ ಕೊಡ್ತಾರೆ. ಹೃದ್ರೋಗದಲ್ಲೂ ಉರಿಯೂತ ಇರುತ್ತೆ ಅಂತಾರಲ್ಲ, ಉರಿಯೂತ ಇಳಿಸೋ ಮಾತ್ರೆ ರಕ್ತನಾಳಕ್ಕೂ ಒಳ್ಳೇದೇ ತಾನೆ?

ಗುಳಿಗೆ ಗುಮಾಸ್ತ: ಹೆಸರು ನೋಡಿ ಮೋಸ ಹೋಗ್ಬೇಡಿ ಅಣ್ಣ. ರಕ್ತನಾಳದ ಒಳಪದರ ಕಾಕ್ಸ್-2 ಕಿಣ್ವದಿಂದ ಪ್ರೋಸ್ಟಸೈಕ್ಲಿನ್ ತಯಾರಿಸುತ್ತೆ. ಅದು ನಾಳ ಹಿಗ್ಗಿಸಿ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸೋ ಕಣ) ಅಂಟಿಕೊಳ್ಳದ ಹಾಗೆ ನೋಡಿಕೊಳ್ಳುತ್ತೆ. ಪ್ಲೇಟ್‌ಲೆಟ್ ಒಳಗಿನ ಕಾಕ್ಸ್-1 ಮಾಡೋ ಥ್ರಾಂಬಾಕ್ಸೇನ್ ಕೆಲಸ ಇದರ ಉಲ್ಟಾ. ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಎಟೋರಿಕಾಕ್ಸಿಬ್ ಹೆಚ್ಚಾಗಿ ಕಟ್ಟಿಹಾಕೋದು ಕಾಕ್ಸ್-2ನ್ನೇ. ತಕ್ಕಡಿ ಹೆಪ್ಪುಗಟ್ಟೋ ಕಡೆಗೆ ವಾಲುತ್ತೆ. 2004ರಲ್ಲಿ ಇದೇ ಜಾತಿಯ ರೋಫೆಕಾಕ್ಸಿಬ್ ಮಾತ್ರೇನ ಮಾರುಕಟ್ಟೆಯಿಂದ ವಾಪಸ್ ತಗೊಂಡಿದ್ದು ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಹೆಚ್ಚಾಗಿದ್ದಕ್ಕೆ.

ಇನ್ನೊಂದು, ಈ ಮಾತ್ರೆಗಳಿಂದ ಕಿಡ್ನಿ ಉಪ್ಪು-ನೀರು ಹಿಡಿದಿಟ್ಟುಕೊಂಡು ಬಿಪಿ ಏರುತ್ತೆ. ಟೆಲ್ಮಿಸಾರ್ಟನ್ ಜೊತೆ ನೀರಿನ ಮಾತ್ರೆಯೂ (ಮೂತ್ರ ಹೆಚ್ಚಿಸೋದು) ಇದ್ದು, ಗದ್ದೇಲಿ ಬೆವರಿ ಮೈ ಒಣಗಿದ್ರೆ ಕ್ರಿಯಾಟಿನಿನ್ (ಕಿಡ್ನಿ ಸೋಲ್ತಿದೆ ಅಂತ ತೋರಿಸೋ ರಕ್ತದ ಅಂಶ) ಏರೋಕೆ ಕೆಲವೇ ದಿನ ಸಾಕು. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮೇಲೆ ಈ ನೋವಿನ ಮಾತ್ರೆಯೂ ಸೇರಿದ್ರೆ ಹೊಟ್ಟೇಲಿ ರಕ್ತಸ್ರಾವದ ಅಪಾಯ. ಮಲ ಟಾರಿನ ಹಾಗೆ ಕಪ್ಪಾದ್ರೆ ಅವತ್ತೇ ಆಸ್ಪತ್ರೆಗೆ.

ಮಂಡ್ಯ ಹೈದ: ಹಂಗಾದ್ರೆ ಐಬುಪ್ರೊಫೆನ್? ಆಸ್ಪಿರಿನ್ ಆಗಿ ಅರ್ಧ ಗಂಟೆ ಬಿಟ್ಟು ತಗೊಳ್ಳಿ ಅಂತಾರೆ.

ಗುಳಿಗೆ ಗುಮಾಸ್ತ: ಆ ಲೆಕ್ಕ ಬೇಗ ಕರಗೋ ಸಾದಾ ಆಸ್ಪಿರಿನ್‌ಗೆ. ಎಕೋಸ್ಪ್ರಿನ್‌ಗೆ ಲೇಪನ ಇದೆ, ಹೊಟ್ಟೆ ದಾಟಿ ಕರುಳಲ್ಲಿ ಕರಗುತ್ತೆ. ಅಷ್ಟರಲ್ಲಿ ಐಬುಪ್ರೊಫೆನ್ ಕಾಕ್ಸ್-1ರೊಳಗೆ ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ ಜಾಗ ಹಿಡಿದಿರುತ್ತೆ. ಆಸ್ಪಿರಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯಲ್ಲ, ಸೀಟ್ ಸಿಗದೆ ವ್ಯರ್ಥ. ಆಮೇಲೆ ಐಬುಪ್ರೊಫೆನ್ ಎದ್ದು ಹೋಗುತ್ತೆ, ಪ್ಲೇಟ್‌ಲೆಟ್ ಮತ್ತೆ ಚುರುಕು.

ಸಾದಾ ಪ್ಯಾರಸಿಟಮಾಲ್ 650, ಆರು ಗಂಟೆ ಅಂತರ, ದಿನಕ್ಕೆ 3 ಗ್ರಾಂ ಒಳಗೆ. ನೀರಲ್ಲಿ ನೊರೆ ಬರೋದು ಬೇಡ, ಸೋಡಿಯಂ ಜಾಸ್ತಿ. ಮಂಡಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚಬಹುದು. ಮಾತ್ರೆಗೆ ಹೋಲಿಸಿದ್ರೆ ರಕ್ತಕ್ಕೆ ಸೇರೋದು ಸುಮಾರು 6%. ಸ್ಟ್ರಿಪ್ ಹಿಂದೆ ಓದಿ, 'ಪ್ಲಸ್' ಅಂತಿದ್ರೆ ಎರಡನೇ ಔಷಧಿ ಬೆರೆತಿರುತ್ತೆ. ನೋವು ಇಷ್ಟಕ್ಕೂ ಬಗ್ಗದಿದ್ರೆ ಹೃದಯದ ಡಾಕ್ಟರನ್ನೇ ಕೇಳಿ. ಕ್ಲೋಪಿಡೋಗ್ರೆಲ್ ಮಾತ್ರ ನೀವೇ ನಿಲ್ಲಿಸ್ಬೇಡಿ.

ಮೈಸೂರು ನಾಡಿ: ಉರಿಯೂತದ ಪ್ರಶ್ನೇಲೂ ಹುರುಳಿದೆ. 2003ರಲ್ಲಿ ಹೃದ್ರೋಗ ಇದ್ದ 14 ಗಂಡಸರಿಗೆ ಎರಡು ವಾರ ಸೆಲೆಕಾಕ್ಸಿಬ್ (ಕಾಕ್ಸ್-2 ಕಟ್ಟೋ ಮಾತ್ರೆ) ಕೊಟ್ಟಾಗ ತೋಳಿನ ರಕ್ತನಾಳ ಹಿಗ್ಗೋದು ಸುಧಾರಿಸಿತ್ತು. ಆದ್ರೆ ಸ್ಕ್ಯಾನಲ್ಲಿ ನಾಳ ಹಿಗ್ಗೋದೇ ಬೇರೆ, ಹಾರ್ಟ್ ಅಟ್ಯಾಕ್ ತಪ್ಪೋದೇ ಬೇರೆ. ಅಟ್ಯಾಕ್ ತಗ್ಗಿಸಿದ್ದು ಬೇರೆ ದಾರಿಯ ಔಷಧಿ: 2017ರ ಪ್ರಯೋಗದಲ್ಲಿ ಕ್ಯಾನಕಿನುಮಾಬ್ ಇಂಜೆಕ್ಷನ್, 2020ರಲ್ಲಿ ದಿನಕ್ಕೆ 0.5 ಮಿ.ಗ್ರಾಂ ಕಾಲ್ಚಿಸಿನ್ (ಗೌಟ್‌ ಮಾತ್ರೆ). ಸಂಧಿವಾತಕ್ಕೆ ಕೊಡೋ ಮೆಥೊಟ್ರೆಕ್ಸೇಟ್ ಅಟ್ಯಾಕ್ ತಗ್ಗಿಸಲಿಲ್ಲ. ಕಾಲ್ಚಿಸಿನ್ ಕೂಡ ಡಾಕ್ಟರ್ ಬರೆದರಷ್ಟೇ. ಕಿಡ್ನಿ ಕೆಟ್ಟವರಿಗೆ ಅಪಾಯ. ಕ್ಲಾರಿಥ್ರೊಮೈಸಿನ್ ಅನ್ನೋ ಆಂಟಿಬಯಾಟಿಕ್ ಜೊತೆ ಸೇರಿದ್ರೆ ವಿಷದ ಮಟ್ಟಕ್ಕೆ ಏರುತ್ತೆ.