ರಿಜಿಸ್ಟ್ರಿ ಆಯ್ತು, ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಇನ್ನೂ ಹಳೆ ಹೆಸರೇ ಉಂಟು. ಮುಂದೆ ಏನು ಮಾಡಬೇಕು?

ಹಿರಿಯಡ್ಕದವ:
ನಮಸ್ಕಾರ. ಉಡುಪಿ ಕಡೆಯ ಹಿರಿಯಡ್ಕದ ಹತ್ತಿರ ಕನ್ವರ್ಷನ್ ಆದ, ಅಂದರೆ ಕೃಷಿಯಿಂದ ಮನೆ ಜಾಗಕ್ಕೆ ಬದಲಾದ 12 ಸೆಂಟ್ಸ್ ಜಾಗ ತಗೊಂಡಿದ್ದೇವೆ, ಹಳೆ ಮನೆ, ಬಾವಿ ಸಮೇತ. ಕ್ರಯಪತ್ರ ರಿಜಿಸ್ಟ್ರಿ ಆಗಿ ಸುಮಾರು ಸಮಯ ಆಯ್ತು, ಆರ್‌ಟಿಸಿ ತೆಗೆದರೆ ಇನ್ನೂ ಮಾರಿದವರ ಹೆಸರೇ ಬರ್ತದೆ. ಬ್ರೋಕರ್ ಅದೆಲ್ಲ ತನ್ನಷ್ಟಕ್ಕೆ ಆಗ್ತದೆ ಅಂತಾರೆ. ಪಂಚಾಯತಿನಲ್ಲಿ ಬೇರೆ ಅರ್ಜಿ ಕೊಡಬೇಕಾ? ಮತ್ತೆ ಹಿಂದಿನ ಗುಡ್ಡೆ ಕುಮ್ಕಿ, ಅದೂ ನಿಮಗೇ ಅಂತ ಮಾರಿದವರು ಹೇಳಿದ್ದಾರೆ, ಅದಕ್ಕೆ ಏನು ಕಾಗದ ಮಾಡಿಸಬೇಕು? ಅಪ್ಪನ ರಿಟೈರ್ಮೆಂಟ್ ದುಡ್ಡು ಪೂರ್ತಿ ಇದಕ್ಕೇ ಹಾಕಿದ್ದು, ಹಾಗಾಗಿ ಹೆದರಿಕೆ.

ಬೈಲುಮನೆ:
ರಿಜಿಸ್ಟ್ರಿ ಆದ ಮಾಹಿತಿ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಆರ್‌ಟಿಸಿ ಇರುವ ಭೂಮಿ ತಂತ್ರಾಂಶಕ್ಕೆ ಹೋಗ್ತದೆ, ಮ್ಯುಟೇಶನ್ (ಹೆಸರು ಬದಲಾವಣೆ) ಅಲ್ಲಿಂದ ಶುರು. ಆಕ್ಷೇಪಣೆಯ ಅವಧಿ ಮುಗಿದ ಮೇಲೆ ಹೆಸರು ಏರಬೇಕು. ಭೂಮಿ ವೆಬ್‌ಸೈಟಿನಲ್ಲಿ ಸರ್ವೆ ನಂಬರ್ ಹಾಕಿ ಎಲ್ಲಿ ನಿಂತಿದೆ ನೋಡಿ, ಮುಂದೆ ಹೋಗದಿದ್ದರೆ ಕ್ರಯಪತ್ರದ ನಕಲು ಹಿಡ್ಕೊಂಡು ನೀವೇ ತಾಲೂಕು ಕಚೇರಿಗೆ ಹೋಗಿ. ಬ್ರೋಕರನ್ನು ಕಾಯ್ಬೇಡಿ ಮಾರ್ರೆ, ಅವರ ಕಮಿಷನ್ ಬಂದಾಯ್ತು ಅಲ್ವಾ.

ಇನ್ನೊಂದು. ಆರ್‌ಟಿಸಿಯ 9ನೇ ಕಾಲಂನಲ್ಲಿ ಹೆಸರು ಬಂತು ಅಂತ ಅಲ್ಲಿಗೇ ಬಿಡಬೇಡಿ, ಸಾಲ, ಇತರ ಹಕ್ಕು ಬರೆಯುವ 11ನೇ ಕಾಲಂ ಓದಿ. ಮಾರಿದವರು ಸೊಸೈಟಿ ಸಾಲ ಕಟ್ಟಿ ಮುಗಿಸಿದ್ದರೂ ಎಷ್ಟೋ ಸಲ ಅದರ ನಮೂದು ಅಲ್ಲೇ ಕೂತಿರ್ತದೆ. ಸಾಲ ತೀರಿದ ಪತ್ರ ಅವರಿಂದ ಈಗಲೇ ತಗೊಳ್ಳಿ. ಆಮೇಲೆ ಅವರು ಮುಂಬೈಗೋ ದುಬೈಗೋ ಹೋದರೆ ಹಿಡಿಯುವುದು ಕಷ್ಟ.

ಕಾಪು ಕಡೆಯವಳು:
ಪಂಚಾಯತಿಗೆ ಬೇರೆಯೇ ಅರ್ಜಿ ಕೊಡಿ. ಕ್ರಯಪತ್ರ, ಹೊಸ ಇಸಿ (ಋಣಭಾರ ಪತ್ರ), ತೆರಿಗೆ ರಶೀದಿ ಇಟ್ಟು ಇ-ಸ್ವತ್ತಿನ, ಅಂದರೆ ಪಂಚಾಯತಿನ ಆಸ್ತಿ ದಾಖಲೆಯ, ನಮೂನೆ 9 ಮತ್ತು 11ಎ ನಿಮ್ಮ ಹೆಸರಿಗೆ ಮಾಡಿಸಿ. ಇಸಿಯಲ್ಲಿ ನಿಮ್ಮ ಕ್ರಯಪತ್ರ ಕಾಣಬೇಕು, ಚಕ್ಕುಬಂದಿ (ನಾಲ್ಕೂ ಕಡೆಯ ಗಡಿ), ಸೆಂಟ್ಸ್ ಸರಿ ಉಂಟಾ ನೋಡಿ. ಹೆಸರಿನ ಇನಿಷಿಯಲ್ ಆಧಾರ್‌ನಲ್ಲಿ ಒಂದು, ಪತ್ರದಲ್ಲಿ ಇನ್ನೊಂದು ಇದ್ದರೆ ಮುಂದೆ ಲೋನ್ ತೆಗೆಯುವಾಗ ಅದೇ ದೊಡ್ಡ ತಲೆನೋವು. ಮೆಸ್ಕಾಂ ಕರೆಂಟ್ ಮೀಟರ್ ಹೆಸರೂ ಬದಲಾಯಿಸಿ. ಕ್ರಯ 50 ಲಕ್ಷ ಅಥವಾ ಜಾಸ್ತಿ ಇದ್ದರೆ 1% ಟಿಡಿಎಸ್ (ಮಾರಿದವರಿಗೆ ಕೊಡುವ ದುಡ್ಡಿನಲ್ಲೇ ಹಿಡಿಯುವ ಆದಾಯ ತೆರಿಗೆ) ಕಟ್ಟುವುದು ಕೊಂಡವರ ಜವಾಬ್ದಾರಿ, ಅದನ್ನೂ ವಿಚಾರಿಸಿ.

ಬೈಲುಮನೆ:
ಕುಮ್ಕಿಯ ವಿಷಯ ಬಿಟ್ಟುಹೋಯ್ತು. ಕುಮ್ಕಿ ಸರ್ಕಾರಿ ಜಾಗ. ಪಕ್ಕದ ವರ್ಗ ಜಾಗದಲ್ಲಿ (ಸ್ವಂತ ಪಟ್ಟಾ ಜಾಗ) ಕೃಷಿ ಮಾಡುವವರಿಗೆ ಸೊಪ್ಪು, ಕಟ್ಟಿಗೆ ತೆಗೆಯುವ ಸವಲತ್ತು ಮಾತ್ರ ಅದರಲ್ಲಿ ಇರುವುದು, ಮಾರಲಿಕ್ಕೆ ಯಾರಿಗೂ ಹಕ್ಕಿಲ್ಲ. ಅದಲ್ಲದೆ ನಿಮ್ಮದು ಕೃಷಿ ಜಾಗವೂ ಅಲ್ಲ, ಕನ್ವರ್ಷನ್ ಆದ ಮನೆ ಜಾಗ. ಕುಮ್ಕಿಯ ಹೆಸರಿನಲ್ಲಿ ಕೈಬರಹದ ಕರಾರು ಮಾಡಿ ಒಂದು ರೂಪಾಯಿಯೂ ಕೊಡಬೇಡಿ, ಕಾಂಪೌಂಡ್ ಕಟ್ಟುವ ಮೊದಲು ಸರ್ವೆಯವರನ್ನು ಕರೆಸಿ ಗಡಿಕಲ್ಲು ನೋಡಿಸಿ.

ಹಿರಿಯಡ್ಕದವ:
ತುಂಬಾ ಉಪಕಾರ ಆಯ್ತು. ಕುಮ್ಕಿಗೆ ಅವರು ಬೇರೆ ದುಡ್ಡು ಕೇಳ್ತಿದ್ದರು, ಕೊಡುವುದಿಲ್ಲ. ಈಗ ನೋಡಿದೆ, 11ನೇ ಕಾಲಂನಲ್ಲಿ ಸಾಲ ಉಂಟು. ಇವತ್ತೇ ಫೋನ್ ಮಾಡ್ತೇನೆ.