ಜೇನುಪರಾಗ ತಿಂದರೆ ರಕ್ತ ಹೆಚ್ಚುತ್ತದೆಯೇ, ಅಲರ್ಜಿ ಹೋಗುತ್ತದೆಯೇ?

ಪ್ರಶ್ನೆ (ಸದಸ್ಯೆ, ಕುಷ್ಟಗಿ): ನಮ್ಮೂರಿಗೆ ಬಂದಿದ್ದ ಮಾರಾಟಗಾರರೊಬ್ಬರು ಜೇನುಪರಾಗದ ಡಬ್ಬಿ ಕೊಟ್ಟು, ದಿನಕ್ಕೆ ಎರಡು ಚಮಚ ತಿಂದರೆ ರಕ್ತ ಹೆಚ್ಚುತ್ತದೆ, ಅಲರ್ಜಿ ಬುಡಸಮೇತ ಹೋಗುತ್ತದೆ ಎಂದು ಹೇಳಿ ಹೋಗಿದ್ದಾರೆ. ನನ್ನ ಹಿಮೋಗ್ಲೋಬಿನ್ 9.4 ಇದೆ. ಕಾಂಗ್ರೆಸ್ ಕಸ ಹೂ ಬಿಟ್ಟಾಗ ಸೀನು, ಕಣ್ಣುರಿ ಬಿಡುವುದಿಲ್ಲ. ಹೃದಯದ ಕವಾಟ ಬದಲಿಸಿಕೊಂಡಿರುವ ನಮ್ಮ ಅತ್ತೆಯವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ನಾವಿಬ್ಬರೂ ಇದನ್ನು ಸೇವಿಸಬಹುದೇ?

ಉತ್ತರ (ಫಿಜಿಷಿಯನ್, ಕೊಪ್ಪಳ): ದಯವಿಟ್ಟು ಇಬ್ಬರೂ ಸೇವಿಸಬೇಡಿ. ಕಾರಣಗಳು ಇಬ್ಬರಿಗೂ ಬೇರೆ ಬೇರೆ.

ಜೇನುಹುಳು ಹೂವಿನ ಪರಾಗವನ್ನು ಮಕರಂದ ಮತ್ತು ತನ್ನ ಜೊಲ್ಲಿನೊಂದಿಗೆ ಕಲಸಿ, ಹಿಂಗಾಲುಗಳಿಗೆ ಅಂಟಿಸಿಕೊಂಡು ತರುತ್ತದೆ. ಜೇನುಪೆಟ್ಟಿಗೆಯ ಬಾಯಿಗೆ ಅಳವಡಿಸಿದ ಜಾಲರಿಯ ಸಣ್ಣ ತೂತಿನಲ್ಲಿ ಅದು ನುಸುಳುವಾಗ ಕಳಚಿ ತಟ್ಟೆಗೆ ಬೀಳುವ ಉಂಡೆಗಳೇ ನಿಮ್ಮ ಡಬ್ಬಿಯಲ್ಲಿರುವ ಹಳದಿ, ಕಿತ್ತಳೆ, ಕಂದು ಕಾಳುಗಳು. ಅವುಗಳಲ್ಲಿ ಪ್ರೋಟೀನ್, ಬಿ ಗುಂಪಿನ ವಿಟಮಿನ್‌ಗಳು, ಫ್ಲೇವನಾಯ್ಡ್‌ಗಳೆಂಬ ಸಸ್ಯಜನ್ಯ ಅಂಶಗಳು ಇರುವುದು ನಿಜ. ಪ್ರಮಾಣ ಮಾತ್ರ ಹೂವಿನಿಂದ ಹೂವಿಗೆ ಬಹಳ ಬದಲಾಗುತ್ತದೆ. ಪ್ರೋಟೀನ್ ಶೇ. 20ರಷ್ಟಿದೆ ಎಂದು ಹಿಡಿದರೂ 5 ಗ್ರಾಂನ ಒಂದು ಚಮಚದಿಂದ ಸಿಗುವುದು 1 ಗ್ರಾಂ. ಒಂದು ಹಿಡಿ ಶೇಂಗಾದಲ್ಲಿ ಸುಮಾರು 7 ಗ್ರಾಂ ಇದೆ.

ಉರಿಯೂತ ತಗ್ಗಿಸುವ ಗುಣ, ಯಕೃತ್ತಿನ ರಕ್ಷಣೆ ಮೊದಲಾದ ಪ್ರಯೋಜನಗಳು ಕಂಡುಬಂದಿರುವುದು ಬಹುಪಾಲು ಪ್ರಯೋಗಾಲಯದಲ್ಲಿ ಮತ್ತು ಇಲಿಗಳಲ್ಲಿ. ಮನುಷ್ಯರ ಮೇಲಿನ ಅಧ್ಯಯನಗಳು ಕಡಿಮೆ, ಚಿಕ್ಕವು. ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ಮೈಬಿಸಿಯಿಂದ (ಜ್ವರವಲ್ಲ, ಇದ್ದಕ್ಕಿದ್ದಂತೆ ಮೈಗೆ ಬಿಸಿ ಏರುವುದು) ಬಳಲುತ್ತಿದ್ದ ಮಹಿಳೆಯರ ಬಗ್ಗೆ 2015ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಪರಾಗ ಬೆರೆಸಿದ ಜೇನು ತಿಂದವರಿಗೂ ಬರಿಯ ಜೇನು ತಿಂದವರಿಗೂ ಹೆಚ್ಚುಕಡಿಮೆ ಒಂದೇ ಬಗೆಯ ಉಪಶಮನ ಕಂಡಿತು. ಹಾಗಿರುವಾಗ ಆ ಗುಣವನ್ನು ಪರಾಗದ ಲೆಕ್ಕಕ್ಕೆ ಬರೆಯಲಾಗದು.

ನನಗೆ ಹೆಚ್ಚು ಆತಂಕವಾಗಿರುವುದು ನಿಮ್ಮ ಅಲರ್ಜಿಯ ಕುರಿತು. ಕಾಂಗ್ರೆಸ್ ಕಸ ಮತ್ತು ನಮ್ಮ ಭಾಗದ ಸೂರ್ಯಕಾಂತಿ ಎರಡೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಒಂದರ ಪರಾಗಕ್ಕೆ ಕೆರಳುವ ದೇಹ ಇನ್ನೊಂದರ ಪರಾಗಕ್ಕೂ ಕೆರಳಬಹುದು. ಅಲರ್ಜಿ ಇರುವವರು ಜೇನುಪರಾಗ ತಿಂದ ಕೆಲವೇ ನಿಮಿಷಗಳಲ್ಲಿ ಮುಖ, ನಾಲಿಗೆ ಊದಿಕೊಂಡು, ಉಸಿರುಕಟ್ಟಿ, ರಕ್ತದೊತ್ತಡ ಕುಸಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಪರಾಗ ತಿನ್ನುತ್ತಾ ಹೋದರೆ ದೇಹ ಒಗ್ಗಿಕೊಳ್ಳುತ್ತದೆ ಎಂಬ ಮಾತನ್ನು ನಂಬಬೇಡಿ. ತಜ್ಞರು ಕೊಡುವ ಅಲರ್ಜಿ ಚಿಕಿತ್ಸೆಯಲ್ಲಿ ಯಾವ ಪರಾಗ, ಎಷ್ಟು ಪ್ರಮಾಣ ಎಂಬುದು ನಿಖರವಾಗಿರುತ್ತದೆ. ಡಬ್ಬಿಯಲ್ಲಿ ಎರಡೂ ಗೊತ್ತಿರುವುದಿಲ್ಲ.

ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಮಹಿಳೆಯರಲ್ಲಿ ಅದು ರಕ್ತಹೀನತೆ. ಅತಿಯಾದ ಮುಟ್ಟಿನ ಸ್ರಾವ, ಕೊಕ್ಕೆಹುಳು, ಬಿ12 ಕೊರತೆ, ಇವುಗಳಲ್ಲಿ ಯಾವುದು ಕಾರಣ ಎಂದು ಪರೀಕ್ಷಿಸಿಕೊಳ್ಳಿ. ಕಬ್ಬಿಣದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿಯೇ ಸಿಗುತ್ತದೆ. ಅದನ್ನು ನಿಂಬೆ ಶರಬತ್ತಿನೊಂದಿಗೆ ತೆಗೆದುಕೊಳ್ಳಿ, ಚಹಾದ ಜೊತೆ ಬೇಡ.

ಅತ್ತೆಯವರ ವಿಷಯದಲ್ಲಿ ಜೇನುಪರಾಗವು ವಾರ್ಫರಿನ್‌ನ ಪರಿಣಾಮವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿಮಾಡುವ ಸಾಧ್ಯತೆಯಿದೆ.

ಪ್ರಶ್ನೆ (ಜೇನು ಸಾಕಣೆದಾರ, ಸಿಂಧನೂರು): ಅಲರ್ಜಿ ಇಲ್ಲದ ಆರೋಗ್ಯವಂತರೂ ತಿನ್ನಬಾರದೇ? ನಾನು ಸ್ವತಃ ಪರಾಗ ತೆಗೆಯುತ್ತೇನೆ.

ಉತ್ತರ: ಅಂಥವರು ಆಹಾರವೆಂದು ಸ್ವಲ್ಪ ತಿನ್ನಬಹುದು. ಮೊದಲ ಸಲ ನಾಲ್ಕೈದು ಕಾಳಷ್ಟೇ ಸಾಕು, ಜೊತೆಗೆ ಯಾರಾದರೂ ಇರಲಿ. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಚಿಕ್ಕ ಮಕ್ಕಳಿಗೆ ಬೇಡ. ತಾವು ತೆಗೆಯುವ ಹಸಿ ಪರಾಗದಲ್ಲಿ ನೀರಿನಂಶ ಶೇ. 20ರಿಂದ 30ರಷ್ಟಿರುವುದರಿಂದ ಬೇಗ ಬೂಷ್ಟು ಹಿಡಿಯುತ್ತದೆ. ಅಂದಂದೇ ತೆಗೆದು, 40 ಡಿಗ್ರಿ ಮೀರದ ಶಾಖದಲ್ಲಿ ಒಣಗಿಸಿ. ಸುತ್ತಲಿನ ಹತ್ತಿ, ಮೆಣಸಿನಕಾಯಿ ಹೊಲಗಳಿಗೆ ಔಷಧ ಹೊಡೆಯುವ ದಿನಗಳಲ್ಲಿ ಜಾಲರಿ ಹಾಕಲೇಬೇಡಿ, ಏಕೆಂದರೆ ಕೀಟನಾಶಕದ ಶೇಷ ಪರಾಗದೊಂದಿಗೆ ಬರುತ್ತದೆ.

ಪ್ರಶ್ನೆ (ಸದಸ್ಯೆ, ಕುಷ್ಟಗಿ): ನಾವಿಬ್ಬರೂ ಈಗಾಗಲೇ ಒಂದೆರಡು ದಿನ ತಿಂದಿದ್ದೇವೆ. ಏನೂ ಆಗಿಲ್ಲ.

ಉತ್ತರ: ಇಂದೇ ನಿಲ್ಲಿಸಿ. ಮೊದಲು ಏನೂ ಆಗದಿದ್ದವರಿಗೂ ಮುಂದೆ ಅಲರ್ಜಿ ಕಾಣಿಸಿಕೊಳ್ಳಬಹುದು. ತುಟಿ ಊದಿದರೆ ಅಥವಾ ಉಸಿರು ಬಿಗಿದರೆ ಕಾಯದೆ 108ಕ್ಕೆ ಕರೆ ಮಾಡಿ. ಅತ್ತೆಯವರಿಗೆ ನಾಳೆಯೇ ಐಎನ್‌ಆರ್ ಪರೀಕ್ಷೆ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ರಕ್ತಪರೀಕ್ಷೆ) ಮಾಡಿಸಿ, ಪರಾಗ ತಿಂದ ವಿಷಯವನ್ನು ಅವರ ಹೃದ್ರೋಗ ತಜ್ಞರಿಗೆ ತಿಳಿಸಿ. ವಾರ್ಫರಿನ್ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.